ಎಂಟು ಬುಟ್ಟಿ

ಸಂಖದ ಕನ್ನಡ ಸಾಲೆ. ಫಲಕ ಮಾತ್ರ ಮರಾಠಿ.
ಏಳನೆಯ ಇಯತ್ತೆ, ಮೂರನೆಯ ತಾಸು, ಇಂಗ್ಲಿಷ್.
ಹದಿನೇಳು ಮಕ್ಕಳು, ಹನ್ನೊಂದು ಪುಸ್ತಕ,
ಉಳಿದ ಆರು ಜತ್ತಿನಿಂದ ಇನ್ನೂ ಹೊರಟಿಲ್ಲ.

ಬೋರ್ಡಿನ ಮೇಲೆ ಗೆರೆ ಎಳೆದು
'ಶಬ್ದದ ಜಾತಿ ಎಂಟು' ಎಂದೆ,
ಮರಾಠಿ ವ್ಯಾಕರಣದ ಚಟ.
ಎಂದವನು ನಾಲಗೆ ಕಚ್ಚಿಕೊಂಡೆ:
ಜಾತಿಯೆಂದರೆ ಈ ಮಕ್ಕಳಿಗೆ
ತಹಶೀಲಿಯ ಸಾಲು, ದಾಖಲೆಯ ಕಾಗದ.
'ವರ್ಗ' ಎಂದು ತಿದ್ದಿದೆ.
ಕೊನೆಯ ಬೆಂಚಿನಿಂದ ದಾನೇಶ್ವರಿ:
'ಬುಟ್ಟಿ ಅನ್ರಿ ಸರ.'

ಅವಳ ಅವ್ವ ಲಗಮವ್ವ
ಊರಾಚೆಯ ತಗಡಿನ ಶೆಡ್ಡಿನಲ್ಲಿ
ಒಣದ್ರಾಕ್ಷಿ ಆರಿಸುತ್ತಾಳೆ:
ಹಸಿರು ಒಂದು ಕಡೆ, ಹಳದಿ ಒಂದು ಕಡೆ,
ಕಪ್ಪು, ತೊಟ್ಟು ಬಿಡದ್ದು, ಸರಿಯಾಗಿ ಸುಕ್ಕಾಗದ್ದು.
ರವಿವಾರ ಮಗಳೂ.

ಸರಿ, ಬುಟ್ಟಿ.
ನೌನು ಸುಲಭ, ಬೆರಳಿಟ್ಟಲ್ಲೆಲ್ಲ ಸಿಕ್ಕಿತು:
ಶೆಡ್ಡು, ತಕ್ಕಡಿ, ಗಂಧಕ, ಕೆಮ್ಮು.
ಪ್ರೊನೌನು ಯಾರು?
ಲಗಮವ್ವ ಬಾರದ ದಿನ
ಅವಳ ಮಣೆಯ ಮೇಲೆ ಬಂದು ಕೂರುವವಳು,
ಕೂಲಿ ಪಟ್ಟಿಯಲ್ಲಿ ಅವಳಿಗೆ ಹೆಸರಿಲ್ಲ.
ವರ್ಬನ್ನು ಯಾವುದರಲ್ಲಿ ಹಾಕಲಿ ಎಂದು ನಾನಿನ್ನೂ ಹುಡುಕುವಾಗ
'ಅದು ಬುಟ್ಟಿ ಎತ್ತೂ ಕೈ ರೀ' ಎಂದ ದಸ್ತಗೀರ.
ಅಡ್ಜೆಕ್ಟಿವ್ ಅಂದರೆ ಬಣ್ಣ,
ತಾಸಗಾಂವದ ಪೇಟೆಯಲ್ಲಿ ದರ ಕಟ್ಟುವುದು ಅದಕ್ಕೇ.
ಅಡ್ವರ್ಬು ಮಾಲೀಕನ ಬಾಯಲ್ಲಿರುತ್ತದೆ:
ಲಗೂನ, ಲಗೂನ.

ಪ್ರಿಪೊಸಿಷನ್ನಿಗೆ ಬಂದು ಎಲ್ಲರೂ ಎಡವಿದರು.
ಚಾಪೆಯ ಮೇಲೆ ಎನ್ನುತ್ತೇವೆ ನಾವು,
ಚಾಪೆ ಹಾಸಿದ ಮೇಲೇ ನಮ್ಮ 'ಮೇಲೆ'.
ಅವರಿಗೆ 'ಆನ್' ಮೊದಲು.
ಅಮಸಿದ್ಧ ಎದ್ದು ನಿಂತ:
'ಕುರಿ ಮುಂದ ಬಿಟ್ಟು ನಾವ್ ಹಿಂದಿಂದ ಹೋಗ್ತೀವ್ರಿ.
ಅವರು ಕುರುಬನ್ನ ಮುಂದ ಬಿಡ್ತಾರೇನು?'
ಇಪ್ಪತ್ತು ವರ್ಷ ಕಲಿಸಿದವನಿಗೆ
ಇದಕ್ಕಿಂತ ಒಳ್ಳೆಯ ವಿವರಣೆ ಹೊಳೆದಿರಲಿಲ್ಲ.

ಕಂಜಂಕ್ಷನ್ನು: ಅವ್ವನೂ ಮಗಳೂ
ಎಂದು ಇಬ್ಬರ ಸೆರಗಿಗೂ ಒಂದೊಂದು ಗಂಟು ನಮ್ಮಲ್ಲಿ,
ಅವರಲ್ಲಿ ನಡುವೆ ಒಂದೇ.

ಕೊನೆಯ ಬುಟ್ಟಿಗೆ ಯಾರೂ ಕೈ ಎತ್ತಲಿಲ್ಲ.
ಅಷ್ಟರಲ್ಲಿ ಬೆಂಚಿನ ಮೊಳೆ ಯಾರಿಗೋ ಚುಚ್ಚಿತು.
'ಯವ್ವಾ!'
'ಅದೇ' ಎಂದೆ, 'ಅದೇ ಇಂಟರ್ಜೆಕ್ಷನ್.'
'ಅವ್ವ ನೌನ್ ಅಲ್ಲೇನ್ರಿ?'
'ಹೌದು.'
'ಮತ್ತ ಎರಡೂ ಬುಟ್ಟ್ಯಾಗ ಅದಾಳಲ್ರಿ.'
ಗಂಟೆ ಬಾರಿಸಿ ನನ್ನನ್ನು ಉಳಿಸಿತು.

ಮರುದಿನ ಐದೈದು ಸಾಲು ಬರೆದು ತಂದರು.
ದಾನೇಶ್ವರಿಯ ವಹಿ, ಮೂರನೆಯ ಸಾಲು:
ಮೈ ಮದರ್ ಈಸ್ ದ ವರ್ಕರ್ ಇನ್ ದ ಶೆಡ್.
ಕೆಂಪು ಪೆನ್ನು ನನ್ನನ್ನು ಕೇಳಲಿಲ್ಲ.
ಮೊದಲ 'ದ' ಹೊಡೆದು ಮೇಲೆ 'ಎ' ಬರೆಯಿತು.

'ಯಾಕ್ರಿ?'
'ಅಲ್ಲಿ ಅರವತ್ತು ಹೆಂಗಸರು.
ನಿಮ್ಮವ್ವ ಅವರಲ್ಲಿ ಒಬ್ಬಳು.
ಗುರುತಿಲ್ಲದವರಿಗೆ ಎ,
ಗುರುತಾದವರಿಗೆ ದ.'

'ನನಗ ಗುರುತ ಅದಾಳಲ್ರಿ.'

ಎಂಟು ಬುಟ್ಟಿಯಲ್ಲಿ ಎಲ್ಲೂ
ಈ ಎರಡು ಕಾಳನ್ನು ನಾನು ಹಾಕಿರಲಿಲ್ಲ.
ನಮ್ಮ ಮಾತಿನಲ್ಲಿ ಇವಿಲ್ಲದೆಯೇ
ಅವ್ವ ಇಷ್ಟು ದಿನ ಅವ್ವನೇ ಆಗಿದ್ದಳು.
ಆದರೂ ಹೇಳಿದೆ, ಹೇಳಬೇಕಾದ್ದು:
ಪರೀಕ್ಷೆಯಲ್ಲಿ ಅರ್ಧ ಅಂಕ ಹೋಗುತ್ತದೆ.
ತಲೆ ಆಡಿಸಿದಳು.
ರಬ್ಬರಿಗೆ ಜಗ್ಗದ ಕೆಂಪಿನ ಕೆಳಗೆ
ಪೆನ್ಸಿಲಿನಲ್ಲಿ, ಸಾಸಿವೆಯಷ್ಟು ಸಣ್ಣಗೆ,
ಮತ್ತೆ ಬರೆದಳು: ದ.

ನಾನು ಕಂಡಿಲ್ಲ ಎಂಬಂತೆ
ಮುಂದಿನ ವಹಿ ತೆಗೆದೆ.
ಅಮಸಿದ್ಧನದು. ಮೊದಲ ಸಾಲು:
ಶೀಪ್ ಗೋ ಫಸ್ಟ್.